ನೆಂಟರಿಗೆ ತಂದ ಮರಿ

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ದಾವಣಗೆರೆಯಲ್ಲಿ ನೆಂಟರಿಲ್ಲದ ಮನೆ ಕಂಡರೆ ಅದಕ್ಕೆ ಬೀಗ ಬಿದ್ದಿದೆ ಅಂತಲೇ ತಿಳಿಯಬೇಕು. ಒಂದು ದಿನ ಹೋಳಿಗೆ, ಮರುದಿನ ಮರಿ. ನಾನು ಅಕ್ಕನ ಮನೆಗೆ ಹೋಳಿಗೆ ನೆಪದಲ್ಲಿ ಹೋಗಿ, ಮರಿ ಮುಗಿಯೋ ತನಕ ಇದ್ದು ಬರುವವನು.

ಹೋಳಿಗೆ ತಿಂದ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ‘ಮಾರಲ್ ಓರೆಲ್’ ಹಾಕಿಕೊಂಡು ಕೂತೆ. ಅಮೆರಿಕದವರ ಗೊಂಬೆ ಸೀರಿಯಲ್ಲು, 2005ರಿಂದ 2008ರ ತನಕ ಬಂದದ್ದು, ಮೂರು ಸೀಸನ್, 43 ಕಂತು. ಗೊಂಬೆಯ ಕೈಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ, ಹಾಗೆ ತೆಗೆದದ್ದು. ಅಳಿಯ ಬಂದು ಪಕ್ಕಕ್ಕೆ ಒರಗಿದ. ಮೂರನೇ ಕ್ಲಾಸು. ‘ದೊಡ್ಡೋರ್ದು ಕಣೋ, ಹೋಗಿ ಮಲಕ್ಕೋ’ ಅಂದೆ. ಅಡುಗೆಮನೆಯಿಂದ ಅಕ್ಕ, ‘ಗೊಂಬೆ ಅಲ್ವೇನೋ, ನೋಡ್ಲಿ ಬಿಡು’ ಅಂದಳು. ಗೊಂಬೆ ಅಂದಮೇಲೆ ಮಕ್ಕಳದೇ ಅನ್ನುವುದು ನಮ್ಮಲ್ಲಿ ಇನ್ನೂ ತಿದ್ದುಪಡಿಯಾಗದ ಕಾಯ್ದೆ.

ಅದರಲ್ಲೊಬ್ಬ ಓರೆಲ್ ಅಂತ ಹುಡುಗ. ಚರ್ಚಿನಲ್ಲಿ ಹೇಳಿದ್ದನ್ನೆಲ್ಲ ನಂಬುತ್ತಾನೆ. ಅದೊಂದೇ ಅವನ ಕಾಯಿಲೆ. ಬದುಕೇ ದೇವರು ಕೊಟ್ಟ ದೊಡ್ಡ ಕೊಡುಗೆ ಅಂತ ಪಾದ್ರಿ ಹೇಳಿದರೆ, ಇವನು ಸೀದಾ ಸ್ಮಶಾನಕ್ಕೆ ಹೋಗಿ ಹೆಣಗಳನ್ನು ಎಬ್ಬಿಸುತ್ತಾನೆ. ಕೊಟ್ಟ ಕೊಡುಗೆ ಬೇಡ ಅಂತ ಮಲಗಿದರೆ ದೇವರಿಗೆ ಅವಮಾನವಲ್ಲವೇ? ಹೀಗೇನಾದರೂ ಮಾಡಿಕೊಂಡು ಬಂದಾಗ ಅಪ್ಪ ಕೋಣೆಗೆ ಕರೆದು ಬೆಲ್ಟಿನಲ್ಲಿ ಬಾರಿಸಿ, ಆಮೇಲೆ ಒಂದು ಉಪದೇಶ ಕೊಡುತ್ತಾನೆ. ಅಪ್ಪನ ಹೆಸರು ಕ್ಲೇ, ಅಂದರೆ ಜೇಡಿಮಣ್ಣು. ಎರಡನೇ ಸೀಸನ್ನಿನ ಕೊನೆಗೆ ಈ ಮಣ್ಣಪ್ಪ ಬೇಟೆಗೆ ಹೋಗಿ, ಕುಡಿದ ಮತ್ತಿನಲ್ಲಿ ಮಗನ ಕಾಲಿಗೇ ಗುಂಡು ಹೊಡೆಯುತ್ತಾನೆ. ಅಲ್ಲಿಗೆ ಬರುವ ಮುಂಚೆಯೇ ಮೊಬೈಲ್ ಆಫ್ ಮಾಡಿದೆ. ನಾನೂ ತಕ್ಕಮಟ್ಟಿಗೆ ಜವಾಬ್ದಾರಿ ಇರುವ ಮಾವನೇ.

ಬೆಳಿಗ್ಗೆ ಗೇಟಿನ ಸರಳಿಗೆ ಮರಿ ಕಟ್ಟಿತ್ತು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಬೇವಿನ ಸೊಪ್ಪು. ಅಕ್ಕನ ಅತ್ತೆ ಕಳೆದ ಜಾತ್ರೆಯಲ್ಲೇ ಅಮ್ಮನಿಗೆ ಅಂತ ಬಿಟ್ಟಿದ್ದು. ಬೀದಿಯಲ್ಲಿ ಜೀಪಿನ ಮೈಕು: ‘ಪ್ರಾಣಿಬಲಿ ನಿಷೇಧಿಸಲಾಗಿದೆ.’ ಆ ಮೈಕಿನ ದನಿ ನಿಂತ ಕಡೆಯಿಂದಲೇ ಮಸಾಲೆ ರುಬ್ಬುವ ಮಿಕ್ಸಿಗಳ ದನಿ.

1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಬಹಳ ಸೂಕ್ಷ್ಮ. ಮಟನ್ ತಿನ್ನಬೇಡಿ ಅನ್ನುವುದಿಲ್ಲ. ಗುಡಿಯಲ್ಲಿ, ಅದರ ಆವರಣದಲ್ಲಿ ದೇವರಿಗೆ ಅಂತ ಕಡಿಯಬೇಡಿ ಅನ್ನುತ್ತದೆ. ಹಾಗಾಗಿ ಊರಿನ ಮರಿಗಳೆಲ್ಲ ರಾತ್ರೋರಾತ್ರಿ ಧರ್ಮ ಬಿಟ್ಟು ಆತಿಥ್ಯಕ್ಕೆ ಸೇರಿಕೊಂಡಿದ್ದವು. ಒಂದೂ ದುಗ್ಗಮ್ಮನದಲ್ಲ, ಎಲ್ಲವೂ ನೆಂಟರದೇ. ಅಮ್ಮನಿಗೂ ಇದು ಗೊತ್ತು, ಬಂದೋಬಸ್ತಿಗೆ ಬಂದವರಿಗೂ ಗೊತ್ತು, ಗೊತ್ತಿಲ್ಲದ್ದು ಮರಿಗೆ ಮತ್ತು ಅಳಿಯನಿಗೆ.

ಮೂಲೆಯಲ್ಲಿ ಡ್ಯೂಟಿಗೆ ನಿಂತಿದ್ದ ಪೊಲೀಸಪ್ಪ ಗೇಟಿನ ಹತ್ತಿರ ಬಂದು, ‘ಯಾರಿಗಜ್ಜಿ ಇದು, ನೆಂಟ್ರಿಗಲ್ವಾ?’ ಅಂದ. ಪುಣ್ಯಾತ್ಮ, ಉತ್ತರ ಬರೆದೇ ಪ್ರಶ್ನೆಪತ್ರಿಕೆ ಕೊಟ್ಟಿದ್ದ.

‘ಹ್ಞೂನಪ್ಪ, ನೆಂಟ್ರಿಗೆ’ ಅಂದರು ಅಜ್ಜಿ.

‘ಅಲ್ಲ ಸಾರ್, ದುಗ್ಗಮ್ಮಗೆ. ಅಜ್ಜಿ ಹರಕೆ ಕಟ್ಟಿದ್ರು’ ಅಂದ ಅಳಿಯ. ‘ಬಲಿ ಕೊಡಬಾರ್ದು ಅಂತ ಸ್ಕೂಲಲ್ಲಿ ಕೈ ಮುಂದೆ ಮಾಡಿಸಿ ಪ್ರತಿಜ್ಞೆ ಹೇಳ್ಸಿದಾರೆ. ಸುಳ್ಳು ಹೇಳಿದ್ರೆ ಅಮ್ಮ ಕಣ್ಣು ಕಿತ್ಕತಾಳೆ ಅಂತ ಅಜ್ಜೀನೇ ಹೇಳಿದ್ರು.’

ಎರಡು ಕ್ಷಣ ಮಿಕ್ಸಿಯೂ ನಿಂತಿತು. ಪೊಲೀಸಪ್ಪ ಟೋಪಿ ಸರಿಮಾಡಿಕೊಂಡು, ‘ಹುಡುಗನ್ನ ಒಳಗೆ ಕರ್ಕಳ್ರಿ, ಬಿಸ್ಲು’ ಅಂದ. ಹೋಗುವಾಗ ಅಜ್ಜಿಯ ಕಡೆ ತಿರುಗಿ ಮೆಲ್ಲಗೆ, ‘ನಮ್ಮನೇಲೂ ಇವತ್ತು ನೆಂಟ್ರೇ’ ಅಂದ.

ಒಳಗೆ ವಿಚಾರಣೆ ಶುರುವಾಯಿತು. ಹುಡುಗ ಹೇಳಿದ್ದು ಸುಳ್ಳು ಅಂತ ಯಾರೂ ಅನ್ನಲಿಲ್ಲ. ಹರಕೆ ತಪ್ಪು, ಕಾಯ್ದೆ ತಪ್ಪು, ಪ್ರತಿಜ್ಞೆ ತಪ್ಪು ಅಂತಲೂ ಯಾರೂ ಅನ್ನಲಿಲ್ಲ. ಹತ್ತೇ ನಿಮಿಷದಲ್ಲಿ ಎಲ್ಲರೂ ಒಮ್ಮತಕ್ಕೆ ಬಂದರು: ಹುಡುಗ ಕೆಟ್ಟಿದ್ದು ಮಾವ ತೋರಿಸಿದ ಗೊಂಬೆ ಸೀರಿಯಲ್ಲಿನಿಂದ. ‘ನೀನೇ ಅಲ್ವೇನಕ್ಕಾ ನೋಡ್ಲಿ ಬಿಡು ಅಂದಿದ್ದು’ ಅನ್ನಲು ಬಾಯಿ ತೆರೆದವನು ಮಧ್ಯಾಹ್ನದ ಊಟ ನೆನೆದು ಮುಚ್ಚಿದೆ.

ಭಾವನಿಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಲುಂಗಿಯಲ್ಲಿದ್ದರು. ಅಳಿಯ ತಾನಾಗೇ ರೂಮಿಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ಬೆಲ್ಟು ತಂದು ಅಪ್ಪನ ಕೈಗೆ ಕೊಟ್ಟ. ರಾತ್ರಿ ನೋಡಿದ್ದು ನೆನಪಿತ್ತಲ್ಲ. ಭಾವ ಬೆಲ್ಟನ್ನೇ ನೋಡುತ್ತ ನಿಂತರು. ಕೊನೆಗೆ ಕೈಯಲ್ಲೇ ಎರಡು ಬಿಟ್ಟರು.

ಅಷ್ಟರಲ್ಲಿ ಹಿತ್ತಲಲ್ಲಿ ಅಜ್ಜಿ ಮರಿಯ ಬೆನ್ನಿಗೆ ನೀರು ಚಿಮುಕಿಸಿ ಕೈಮುಗಿದು ನಿಂತಿದ್ದರು. ಮರಿ ಮೈ ಕೊಡವಬೇಕು. ಕೊಡವಿದರೆ ಅಮ್ಮ ಒಪ್ಪಿದಳು ಅಂತ. ತಣ್ಣೀರು ಬಿದ್ದರೆ ಯಾರು ತಾನೇ ಕೊಡವುವುದಿಲ್ಲ? ಕೊಡವಿತು. ‘ನೆಂಟರು ಒಪ್ಪಿದರು’ ಅಂದೆ ನಾನು. ಯಾರೂ ನಗಲಿಲ್ಲ.

ಅತ್ತು ಕೆಂಪಾದ ಮುಖ ತೊಳೆಸಲು ಅಕ್ಕ ಅಳಿಯನನ್ನು ಅದೇ ಹಿತ್ತಲಿಗೆ ಎಳೆದು ತಂದು, ಅದೇ ಚೆಂಬಿನಿಂದ ತಲೆಗೆ ನೀರು ಸುರಿದಳು. ನೀರು ಕಿವಿ ಹಿಂದಿನಿಂದ ಇಳಿದು ಕಾಲರಿನೊಳಗೆ ಹೋಗುತ್ತಿತ್ತು. ಅವನು ಮರಿಯನ್ನೇ ನೋಡುತ್ತ ಹಲ್ಲುಕಚ್ಚಿ ನಿಂತಿದ್ದ. ಮೈ ಕೊಡವಲಿಲ್ಲ.