ಕೆಳಗೆ ಅಂಗಡಿ, ಮೇಲೆ ಮನೆ

ಕಳೆದ ಭಾನುವಾರ ನಮ್ಮ ಬಿಲ್ಡಿಂಗಿನ ಮೀಟಿಂಗಿನಲ್ಲಿ ಹೊಸ ಕಟ್ಟಡದ ಪ್ಲ್ಯಾನ್ ತೋರಿಸಿದರು. ನಮ್ಮದು ಮುಂಬಯಿಯ ಮಾಟುಂಗಾದ ಮೂರು ಮಹಡಿಯ ಹಳೇ ಕಟ್ಟಡ. ಎಲ್ಲವೂ ಪಗಡಿ ಮನೆಗಳು, ಅಂದರೆ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆ ಕಟ್ಟುವ ಮನೆಗಳು. ಹಳೇ ಕಟ್ಟಡಗಳ ದುರಸ್ತಿಗೆಂದು ರಿಪೇರಿ ಬೋರ್ಡಿನ ಸೆಸ್ (ತೆರಿಗೆ) ಕಟ್ಟುತ್ತಾ ಬಂದವರು ನಾವು. ಇದನ್ನು ಕೆಡವಿ ಇಪ್ಪತ್ತೆರಡು ಮಹಡಿ ಏರಿಸುತ್ತಾರೆ. ಎಲ್ಲರೂ ಮೊದಲು ನೋಡಿದ್ದು ತಮಗೆ ಎಷ್ಟು ಚದರಡಿ ಸಿಗುತ್ತೆ ಅಂತ. ನಾನೂ ಅದನ್ನೇ ನೋಡಿದೆ. ಅದರಲ್ಲಿ ತಪ್ಪೇನಿಲ್ಲ, ನಲವತ್ತು ವರ್ಷ ಒಂದೂವರೆ ಖೋಲಿಯಲ್ಲಿ ಐದು ಜನ ಬದುಕಿ, ಬೆಳಿಗ್ಗೆ ಬಕೆಟ್ ಹಿಡಿದು ವರಾಂಡದಲ್ಲಿ ಸಾಲು ನಿಂತವರಿಗೆ ಸ್ವಂತ ಬಾತ್‌ರೂಮ್ ಇರುವ ಮನೆ ಅಂದರೆ ಸಣ್ಣ ಮಾತಲ್ಲ.

ಆಮೇಲೆ ನೆಲಮಹಡಿಯ ಹಾಳೆ ತೆಗೆದು ನೋಡಿದೆ.

ರಸ್ತೆ ಕಡೆಗೆ ಗೇಟು, ವಾಚ್‌ಮನ್ ಕ್ಯಾಬಿನ್, ಕಾರು ಹತ್ತುವ ಇಳಿಜಾರು. ಅದರ ಮೇಲೆ ನಾಲ್ಕು ಮಹಡಿ ಪೂರ್ತಿ ಪಾರ್ಕಿಂಗ್. ಈಗ ಕೆಳಗೆ ರಸ್ತೆಗೇ ಬಾಗಿಲು ಇಟ್ಟುಕೊಂಡಿರುವ ಆರು ಅಂಗಡಿಗಳಿವೆ: ಒಂದು ಹೋಟೆಲು, ಹಿಟ್ಟಿನ ಗಿರಣಿ, ದರ್ಜಿ, ಮೆಡಿಕಲ್, ಕಾಫಿಪುಡಿ ಅಂಗಡಿ, ಮೂಲೆಯಲ್ಲಿ ಹೂವಿನವರು. ಅವರೆಲ್ಲ ಎಲ್ಲಿ ಅಂತ ಹುಡುಕಿದೆ. ಹಿಂದಿನ ಗಲ್ಲಿಯ ಕಡೆ, ನೀರಿನ ಪಂಪು ಮತ್ತು ಕಸದ ಕೋಣೆಯ ಪಕ್ಕ, ಆರು ಚೌಕಗಳನ್ನು ಬರೆದಿದ್ದರು. ಕಾಯ್ದೆ ಪ್ರಕಾರ ಹಳೇ ಅಂಗಡಿಯವರಿಗೆ ಅವರ ಹಳೇ ವಿಸ್ತೀರ್ಣದಷ್ಟು ಜಾಗ ಕೊಡಲೇಬೇಕು. ಕೊಟ್ಟಿದ್ದಾರೆ. ಒಂದು ಅಡಿಯೂ ಕಡಿಮೆ ಇಲ್ಲ. ಆದರೆ ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳದ ಜಾಗದಲ್ಲಿ ಹೂವು ಮಾರುವುದು ಹೇಗೆ? ಗಲ್ಲಿಯ ಒಳಗೆ ಬಂದು ಯಾರು ಕಾಫಿಪುಡಿ ಕೇಳುತ್ತಾರೆ?

ಮೀಟಿಂಗಿನಲ್ಲಿ ಒಬ್ಬರು, ನನಗಿಂತ ಹಿರಿಯರು, "ಒಳ್ಳೇದೇ ಆಯ್ತಲ್ಲ ಮಾರಾಯ, ಇನ್ನು ಮೇಲೆ ಹೋಟೆಲಿನ ಹೊಗೆ ಇಲ್ಲ, ಗಲಾಟೆ ಇಲ್ಲ" ಅಂದರು. ತುಂಬಾ ಜನ ತಲೆ ಆಡಿಸಿದರು. ಅಲ್ಲಿ ನಿಂತುಕೊಂಡು ಎಲ್ಲ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊಗೆಯ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಆ ದೂರು ಸುಳ್ಳಲ್ಲ. ನಮ್ಮ ಹೋಟೆಲಿನ ಅಡುಗೆಮನೆಯ ಹೊಗೆ ಕೊಳವೆ ಕಟ್ಟಡದ ಒಳಚೌಕದಲ್ಲಿ ಮೇಲೆ ಬಂದು ಎರಡನೇ ಮಹಡಿಯ ಕಿಟಕಿಯ ಸ್ವಲ್ಪ ಕೆಳಗೆ ನಿಂತುಬಿಟ್ಟಿತ್ತು. ಆ ಕಿಟಕಿಯ ಕಂಬಿ ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತಿತ್ತು, ಕಂದು ಬಣ್ಣದ, ಸೋಪು ಹಾಕಿ ಉಜ್ಜಿದರೂ ಹೋಗದ ಜಿಡ್ಡು. ಹಗ್ಗದ ಮೇಲೆ ಒಣಗಿಸಿದ ಸೀರೆಗೆ ಒಗ್ಗರಣೆಯ ವಾಸನೆ. ಅಲ್ಲಿರುವ ಅಕ್ಕನಿಗೆ ಉಬ್ಬಸ, ಬೆಳಿಗ್ಗೆ ಆರಕ್ಕೆ ಮೊದಲ ಹೆಂಚು ಕಾಯುವಾಗ ಅವರ ಕೆಮ್ಮು ನಮ್ಮ ಮನೆಗೆ ಕೇಳುತ್ತಿತ್ತು. ಎಂಟು ವರ್ಷ ಜಗಳ ನಡೆಯಿತು. ಅರ್ಜಿ, ನೋಟಿಸು, ಮಾತು ಬಿಟ್ಟದ್ದು, ಹಬ್ಬಕ್ಕೆ ಕಳಿಸಿದ ಹೋಳಿಗೆ ವಾಪಸ್ ಬಂದದ್ದು, ಎಲ್ಲ ಆಯಿತು. ಕೊನೆಗೆ ಹೋಟೆಲಿನ ಶೆಟ್ರು ಕೊಳವೆಯನ್ನು ಟೆರೇಸಿನ ಮೇಲೆ ಹತ್ತು ಅಡಿ ಎತ್ತರಕ್ಕೆ ಒಯ್ದರು, ಜಿಡ್ಡು ಹಿಡಿಯುವ ಫಿಲ್ಟರ್ ಹಾಕಿಸಿದರು, ಬ್ಲೋವರಿನ ಕೆಳಗೆ ದಪ್ಪ ರಬ್ಬರ್ ಇಟ್ಟರು. ಒಂದು ವಾರದ ಕೆಲಸ. ಆಮೇಲೆ ಆ ಕಿಟಕಿಯ ಕಂಬಿ ಒಣಗಿತು. ಅಕ್ಕ ಈಗ ಸಂಜೆ ಅಲ್ಲೇ ಕೆಳಗೆ ಕಾಫಿ ಕುಡಿಯುತ್ತಾರೆ. ಎಂಟು ವರ್ಷದ ಜಗಳಕ್ಕೆ ಕಾರಣ ಕೊಳವೆ ಇಪ್ಪತ್ತೈದು ಮೂವತ್ತು ಅಡಿ ಗಿಡ್ಡ ಇದ್ದದ್ದು, ಅಷ್ಟೇ.

ಮನೆ ಮತ್ತು ಅಂಗಡಿ ಒಂದೇ ಕಟ್ಟಡದಲ್ಲಿದ್ದರೆ ಬರುವ ತೊಂದರೆಗಳು ಹೆಚ್ಚಿನವು ಇಂಥವೇ. ಹೊಗೆ ಎಲ್ಲಿ ಹೋಗುತ್ತೆ, ಮೆಟ್ಟಿಲು ಯಾರದ್ದು, ಗ್ಯಾಸ್ ಸಿಲಿಂಡರಿನ ಟೆಂಪೊ ಎಲ್ಲಿ ನಿಲ್ಲುತ್ತೆ, ಶಟರ್ ಎಷ್ಟು ಹೊತ್ತಿಗೆ ಎಳೆಯುತ್ತಾರೆ. ಇವೆಲ್ಲ ಪ್ಲ್ಯಾನ್ ಬರೆಯುವಾಗಲೇ ಸರಿ ಮಾಡಬಹುದಾದ ಸಂಗತಿಗಳು. ಪ್ಲ್ಯಾನಿನಲ್ಲಿ ಮಾಡದೆ ಬಿಟ್ಟರೆ ಆಮೇಲೆ ಮನುಷ್ಯರು ಮನುಷ್ಯರ ಜೊತೆ ಜಗಳ ಆಡಬೇಕಾಗುತ್ತದೆ.

ನಿಯಮಗಳು ಏನು ಹೇಳುತ್ತವೆ ಅಂತ ಈ ವಾರ ಕೂತು ಓದಿದೆ. 1991ರ ಮುಂಬಯಿ ಕಟ್ಟಡ ನಿಯಮದಲ್ಲಿ ವಾಸದ ವಲಯ ಎರಡು ತರಹ ಇತ್ತು: ಆರ್-1 ಅಂದರೆ ಬರೀ ವಾಸ, ಆರ್-2 ಅಂದರೆ ರಸ್ತೆ ಬದಿ ಅಂಗಡಿ ಸಾಲು ಇರುವ ವಾಸ. ಎಷ್ಟು ಸರಳ ನೋಡಿ, "ಶಾಪ್ ಲೈನ್" ಅಂತಲೇ ಹೆಸರು. ದಿನಬಳಕೆಯ ಅಂಗಡಿ ಅಂದರೆ ಏನು ಅಂತಲೂ ಪಟ್ಟಿ ಇತ್ತು. ಸಾಮಾನ್ಯವಾಗಿ 20 ಚದರ ಮೀಟರ್ ಒಳಗಿನ ಅಂಗಡಿ, ಪಾನ್, ದರ್ಜಿ, ತರಕಾರಿ, ಹಾಲು, ಹೂವು, ಬಳೆ ಕೂಡ. ಕಿರಾಣಿಗೆ, ಡಾಕ್ಟರ ಕ್ಲಿನಿಕ್ಕಿಗೆ 50 ಚದರ ಮೀಟರ್. ಯಾರೋ ಒಬ್ಬ ಅಧಿಕಾರಿ ಕೂತು ಈ ಊರಿನ ಬೀದಿ ಹೇಗಿರುತ್ತೆ ಅಂತ ನಡೆದು ನೋಡಿ ಬರೆದ ಹಾಗಿದೆ ಆ ಪಟ್ಟಿ. ನನಗೆ ಓದಿ ಖುಷಿ ಆಯಿತು.

2018ರಲ್ಲಿ ಜಾರಿಗೆ ಬಂದ, 2034ರವರೆಗಿನ ಹೊಸ ನಿಯಮದಲ್ಲಿ ವಾಸದ ವಲಯ ಒಂದೇ. ಮೊದಲಿಗಿಂತ ಜಾಸ್ತಿ ಬಗೆಯ ವ್ಯವಹಾರಗಳಿಗೆ ಅವಕಾಶ ಇದೆ, ರಸ್ತೆಯ ಅಗಲ ಮತ್ತು ಬೇರೆ ಬಾಗಿಲಿನ ಷರತ್ತಿನ ಮೇಲೆ. ಇದು ಒಳ್ಳೆಯ ಬದಲಾವಣೆ ಅಂತಲೇ ನನ್ನ ಅಭಿಪ್ರಾಯ. ಎಷ್ಟು ಕಟ್ಟಬಹುದು ಅನ್ನುವುದನ್ನೂ ರಸ್ತೆಗೆ ಕಟ್ಟಿಹಾಕಿದ್ದಾರೆ. ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕಕ್ಕೆ ಎಫ್‌ಎಸ್‌ಐ ಅನ್ನುತ್ತಾರೆ. ಹಳೇ ಮುಂಬಯಿಯ ಭಾಗದಲ್ಲಿ ರಸ್ತೆ 9 ಮೀಟರಿಗಿಂತ ಕಿರಿದಾದರೆ ಎಫ್‌ಎಸ್‌ಐ 1.33, 27 ಮೀಟರ್ ಅಥವಾ ಜಾಸ್ತಿ ಇದ್ದರೆ ಹಣ ಕೊಟ್ಟು ಪಡೆಯುವ ಹೆಚ್ಚುವರಿ ಹಕ್ಕುಗಳೆಲ್ಲ ಸೇರಿ 3. ನಮ್ಮಂಥ ಸೆಸ್ ಕಟ್ಟಡಗಳಿಗೆ 33(7) ಅಂತ ಬೇರೆಯೇ ನಿಯಮ, ಅಲ್ಲಿ 3 ಅಥವಾ ಅದಕ್ಕಿಂತ ಜಾಸ್ತಿ.

ಅನುಮತಿ ಇದ್ದ ಮಾತ್ರಕ್ಕೆ ಅಂಗಡಿ ರಸ್ತೆಗೆ ಬರುವುದಿಲ್ಲ, ನಮ್ಮ ಪ್ಲ್ಯಾನೇ ಇದಕ್ಕೆ ಸಾಕ್ಷಿ. ಕಾರಣ ಲೆಕ್ಕದಲ್ಲಿದೆ. ನಿಯಮದ ಪ್ರಕಾರ ಬೇಕಾದ ಪಾರ್ಕಿಂಗ್ ಜಾಗ ಎಫ್‌ಎಸ್‌ಐಗೆ ಸೇರುವುದಿಲ್ಲ. ಅಂಗಡಿ ಸೇರುತ್ತದೆ. ಮನೆ ದೊಡ್ಡದಾದಷ್ಟೂ ಕಾರಿನ ಜಾಗ ಜಾಸ್ತಿ ಕೇಳುತ್ತಾರೆ, 45 ಚದರ ಮೀಟರ್ ಒಳಗಿನ ನಾಲ್ಕು ಮನೆಗೆ ಒಂದು ಕಾರು ಸಾಕು, 90 ದಾಟಿದ ಮನೆ ಒಂದಕ್ಕೇ ಎರಡು. ಹಳಬರಾದ ನಮ್ಮ ಮನೆಗಳಿಗೆ ಬೇಕಾದ ಕಾರಿನ ಜಾಗ ಬೆರಳೆಣಿಕೆಯಷ್ಟು. ಆ ನಾಲ್ಕು ಮಹಡಿ ಮುಖ್ಯವಾಗಿ ಮೇಲೆ ಮಾರುವ ಮನೆಗಳಿಗೆ. ಕಾರುಗಳನ್ನು ಕೆಳಗಿಟ್ಟರೆ ಮಾರುವ ಮನೆಗಳು ಮೇಲೆ ಹೋಗುತ್ತವೆ, ಗಾಳಿ ಬೆಳಕು ನೋಟ ಸಿಗುತ್ತೆ, ಬೆಲೆ ಏರುತ್ತೆ. ಬಿಲ್ಡರ್ ತನ್ನ ಲೆಕ್ಕ ನೋಡುತ್ತಾನೆ, ಅದು ಅವನ ವ್ಯಾಪಾರ. ಆದರೆ ಬೀದಿಯ ಲೆಕ್ಕ ಯಾರು ನೋಡಬೇಕು? ನಿಯಮ ನೋಡಬೇಕು. ಇಂಥ ಬೀದಿಗಳಲ್ಲಿ ಕಟ್ಟಡದ ಮುಂಭಾಗದ ಇಷ್ಟು ಪಾಲು ರಸ್ತೆಗೆ ತೆರೆದ ಅಂಗಡಿ ಇರಲೇಬೇಕು, ಪಾರ್ಕಿಂಗ್ ಅದರ ಹಿಂದೆ ಇರಲಿ ಅಂತ ಒಂದು ಸಾಲು ಬರೆದರೆ ಸಾಕು.

ಮಾಟುಂಗಾ ತಾನಾಗಿ ಬೆಳೆದ ಊರಲ್ಲ ಅನ್ನುವುದು ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಜನ ಸತ್ತರು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ ಕಡೆಯ ಈ ಅಗಲ ರಸ್ತೆ, ಮರದ ಸಾಲು, ಐದು ಉದ್ಯಾನ ಎಲ್ಲ ಆ ಟ್ರಸ್ಟಿನ ಯೋಜನೆಯ ಫಲ. ಆರೋಗ್ಯಕ್ಕಾಗಿ ನಿಯಮ ಮಾಡಿದ ಊರು ಇದು. ಆ ನಿಯಮದ ಒಳಗೇ ನಮ್ಮವರ ಉಡುಪಿ ಹೋಟೆಲುಗಳು, ಬೋರ್ಡಿಂಗುಗಳು, ಮೈಸೂರು ಅಸೋಸಿಯೇಷನ್, ಹೂವಿನ ಸಾಲು ಎಲ್ಲ ಜಾಗ ಮಾಡಿಕೊಂಡವು. ಅಂದರೆ ಗಟ್ಟಿ ನಿಯಮವೂ ಬೀದಿಯ ಬದುಕೂ ಒಟ್ಟಿಗೆ ಇರಬಹುದು, ನಾವು ನೂರು ವರ್ಷದಿಂದ ಹಾಗೇ ಇದ್ದೇವೆ.

ನನ್ನ ಅಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದವರು. ಮೊದಲು ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆದರು. ಸಂಜೆ ಕನ್ನಡ ರಾತ್ರಿ ಶಾಲೆ. ರಾತ್ರಿ ಮಲಗುವುದು ಹೋಟೆಲಿನ ಪೋಟ್‌ಮಾಳಾದಲ್ಲಿ, ಒಲೆಯ ಮೇಲಿನ ಅಟ್ಟ, ಕೂತರೆ ತಲೆ ಸೂರಿಗೆ ತಾಗುವಷ್ಟು ಎತ್ತರ. ಅದು ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಆ ಸೆಕೆಯಲ್ಲಿ ಯಾವ ಹುಡುಗನೂ ಮಲಗಬಾರದು, ಬೆಂಕಿ ಬಿದ್ದರೆ ಇಳಿಯಲು ಒಂದು ಏಣಿ ಮಾತ್ರ. ಆದರೆ ಕೆಲಸ, ಶಾಲೆ, ಹಾಸಿಗೆ ಮೂರೂ ಹತ್ತು ನಿಮಿಷದ ನಡಿಗೆಯಲ್ಲಿ ಇದ್ದದ್ದರಿಂದ ಅಪ್ಪ ಮೆಟ್ರಿಕ್ ಮುಗಿಸಿದರು. ಆ ಹುಡುಗ ಇಂದು ಬಂದರೆ ದೂರದ ನಾಲಾಸೋಪಾರಾದಲ್ಲೋ ಬದ್ಲಾಪುರದಲ್ಲೋ ಮಲಗಬೇಕು. ಓದುವುದು ಯಾವಾಗ?

ಒಂದೇ ತರಹದ ಕಟ್ಟಡಗಳನ್ನು ಒಂದೇ ಕಡೆ ತುಂಬಿದರೆ ಏನಾಗುತ್ತೆ ಅಂತ ನೋಡಬೇಕಾದರೆ ಪರೇಲಿಗೆ ಹೋಗಿ. ಬಟ್ಟೆ ಗಿರಣಿಗಳಿದ್ದಾಗ ಕೆಲಸಗಾರರು ಸುತ್ತಲಿನ ಚಾಳುಗಳಲ್ಲೇ ಇದ್ದರು, ಗಿರಣಿಯ ಭೋಂಗಾ (ಸೈರನ್) ಕೂಗಿದರೆ ನಡೆದು ಹೋಗುತ್ತಿದ್ದರು. ಗಿರಣಿ ಹೋಗಿ ಆಫೀಸು ಬಂದವು. ಅಲ್ಲಿ ಕೆಲಸ ಮಾಡುವವರು ದೂರದಿಂದ ಬರುವವರು, ಅದೂ ಎಲ್ಲರೂ ಒಂದೇ ಹೊತ್ತಿಗೆ. ಸ್ಟೇಷನ್ನು, ಸೇತುವೆ ಹಳೆಯವೇ ಇದ್ದವು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಮಳೆಗೆ ನಿಂತ ಗುಂಪು ನೂಕಾಡಿ 23 ಜನ ಸತ್ತರು. ಅದೇ ವರ್ಷ ಡಿಸೆಂಬರ್ 29ರಂದು ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಿನ ಪಬ್ಬಿನಲ್ಲಿ ಬೆಂಕಿ ಬಿದ್ದು 14 ಜನ. ಹಾಗಾಗಿ ನಾನು ಅಂಗಡಿಗಳ ಪರ ಅಂದ ಕೂಡಲೇ ಎಲ್ಲಿ ಬೇಕಾದರೂ ಏನು ಬೇಕಾದರೂ ನಡೆಯಲಿ ಅಂತ ಅಲ್ಲ. ಮನೆಯವರ ಮೆಟ್ಟಿಲು ಬೇರೆ, ಅಂಗಡಿಯವರ ದಾರಿ ಬೇರೆ. ಮೆಟ್ಟಿಲ ಕೆಳಗೆ ಎಣ್ಣೆ ಡಬ್ಬ ಇಡಬಾರದು. ಅಟ್ಟದಲ್ಲಿ ಯಾರೂ ಮಲಗಬಾರದು, ಕೆಲಸದ ಹುಡುಗರಿಗೆ ಕಿಟಕಿ ಇರುವ ಕೋಣೆ ಅದೇ ಪ್ಲ್ಯಾನಿನಲ್ಲಿ ಬರಲಿ. ಇದರಲ್ಲಿ ನಾನು ಒಂದಿಂಚೂ ಬಿಡುವುದಿಲ್ಲ.

ಸದ್ದಿನ ನಿಯಮ ಓದಿದಾಗ ಮಾತ್ರ ಬೇಜಾರಾಯಿತು. 2000ದ ಶಬ್ದ ನಿಯಮದಲ್ಲಿ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ವ್ಯಾಪಾರದ ಪ್ರದೇಶಕ್ಕೆ 65 ಮತ್ತು 55. ಎರಡೂ ಬೆರೆತ ಪ್ರದೇಶ ಆದರೆ? ಅಧಿಕಾರಿಗಳು ಇದ್ದ ನಾಲ್ಕು ವರ್ಗದಲ್ಲಿ ಯಾವುದಾದರೂ ಒಂದಕ್ಕೆ ಸೇರಿಸಬಹುದು ಅಂತ ಒಂದು ಸಾಲಿನ ಟಿಪ್ಪಣಿ, ಅಷ್ಟೇ. ನಮ್ಮ ಊರಿನ ಅರ್ಧಕ್ಕರ್ಧ ಬೀದಿಗಳು ಬೆರಕೆಯೇ ಅಲ್ವಾ? ಹಗಲು ವ್ಯಾಪಾರದ ಮಿತಿ, ರಾತ್ರಿ ಹತ್ತರ ನಂತರ ಮನೆಯ ಮಿತಿ ಅಂತ ಇಟ್ಟರೆ ಹೋಟೆಲಿನವರಿಗೂ ಗೊತ್ತಿರುತ್ತೆ, ಮಗುವನ್ನು ಮಲಗಿಸುವವರಿಗೂ ಗೊತ್ತಿರುತ್ತೆ.

ನಮ್ಮ ಪ್ಲ್ಯಾನಿಗೆ ವಾಪಸ್ ಬರುತ್ತೇನೆ. ಅದರಲ್ಲಿ ನೆಲಮಹಡಿಯಿಂದ ಟೆರೇಸಿನವರೆಗೆ ಹೊಗೆ ಕೊಳವೆ ಹಾಯಲು ಶಾಫ್ಟ್, ಅಂದರೆ ಖಾಲಿ ಜಾಗ, ಇಲ್ಲ. ಶಾಫ್ಟ್ ಇಲ್ಲದಿದ್ದರೆ ಹೋಟೆಲು ಜಾಗ ಪಡೆದೂ ಒಲೆ ಹಚ್ಚುವಂತಿಲ್ಲ, ಆ ಗಾಳಾ (ಅಂಗಡಿ ಜಾಗ) ಮೊಬೈಲ್ ಅಂಗಡಿಗೋ ಎಟಿಎಮ್ಮಿಗೋ ಬಾಡಿಗೆಗೆ ಹೋಗುತ್ತೆ. ಆರ್ಕಿಟೆಕ್ಟರನ್ನು ಕೇಳಿದೆ. ಶಾಫ್ಟ್ ಹಾಕಿದರೆ ಪ್ರತಿ ಮಹಡಿಯಲ್ಲಿ ಸುಮಾರು ನಾಲ್ಕಡಿ ನಾಲ್ಕಡಿ ಜಾಗ ಹೋಗುತ್ತೆ, ಆ ಸಾಲಿನ ಮನೆಗಳಲ್ಲಿ ಅಡುಗೆಮನೆ ಸ್ವಲ್ಪ ಚಿಕ್ಕದಾಗುತ್ತೆ, ಯಾರು ಒಪ್ಪುತ್ತಾರೆ ಅಂದರು. ಆ ಸಾಲಿನಲ್ಲಿ ಏಳನೇ ಮಹಡಿಯ ಮನೆ ನಮ್ಮದು. ನಮಗೆ ಒಪ್ಪಿಗೆ ಅಂತ ಮನೆಯವರೆಲ್ಲ ಸಹಿ ಹಾಕಿ ಸೋಮವಾರವೇ ಬರೆದು ಕೊಟ್ಟಿದ್ದೇನೆ. ಎರಡನೇ ಮಹಡಿಯ ಅಕ್ಕನಿಗೂ ಅದೇ ಸಾಲಿನಲ್ಲಿ ಹತ್ತನೇ ಮಹಡಿ ಸಿಗುತ್ತೆ. ಅವರು ಪ್ಲ್ಯಾನ್ ನೋಡಿ, "ಕೊಳವೆ ಟೆರೇಸಿನ ಮೇಲೆ ಹೋಗುತ್ತೆ ತಾನೆ?" ಅಂತ ಎರಡು ಸಲ ಕೇಳಿ ಸಹಿ ಹಾಕಿದರು. ಇನ್ನೂ ಒಂಬತ್ತು ಮನೆಯವರು ಬೇಕು. ಮುಂದಿನ ಮೀಟಿಂಗ್ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಮ್ಮ ಬಿಲ್ಡಿಂಗಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಮನೆಯ ಹಾಳೆಯ ಜೊತೆ ನೆಲಮಹಡಿಯ ಹಾಳೆಯನ್ನೂ ತನ್ನಿ, ಅಂಗಡಿಯವರನ್ನೂ ಕರೆದಿದ್ದೇವೆ.