ಕೈ ಕಟ್, ಬಾಯ್ ಮುಚ್

ಹಂದಿ ಮಾಂಸದ ವಿಷಯದಲ್ಲಿ ನನಗೆ ಯಾರಾದರೂ ಪಾಠ ಹೇಳಿಯಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹುಟ್ಟಿ ಬೆಳೆದದ್ದು ವಿರಾಜಪೇಟೆಯ ಪಕ್ಕ. ಹಲ್ಲು ಹುಟ್ಟುವ ಮೊದಲೇ ಪಂದಿ ಕರಿಯ ರಸ ನೆಕ್ಕಿದವಳು. ಕೈಲ್ ಪೊಳ್ದ್ ಹಬ್ಬದ ದಿನ ಕಡಂಬುಟ್ಟಿನ, ಅಂದರೆ ಅಕ್ಕಿ ತರಿಯ ಉಂಡೆಯ, ಜೊತೆ ಯಾರು ಎಷ್ಟು ತುಂಡು ತಿಂದರು ಅಂತ ಚಿಕ್ಕಪ್ಪನ ಮಕ್ಕಳ ಜೊತೆ ಲೆಕ್ಕ ಹಾಕಿ ಜಗಳ ಆಡಿದವಳು. ಹಾಗಾಗಿ ಸಿಂಗಾಪುರಕ್ಕೆ ಬಂದು ಹನ್ನೊಂದನೇ ವರ್ಷ, ಒಂದು ಸಂಜೆ ಮಗಳು "ಅಮ್ಮಾ, ವಾಂಟನ್ ಸೂಪ್ ಮನೇಲಿ ಮಾಡೋಕಾಗುತ್ತಾ?" ಎಂದು ಕೇಳಿದಾಗ ನನ್ನ ಉತ್ತರದಲ್ಲಿ ವಿನಯದ ವಾಸನೆಯೂ ಇರಲಿಲ್ಲ. ವಾಂಟನ್ ಎಂದರೆ ತೆಳು ಮೈದಾ ಹಾಳೆಯಲ್ಲಿ ಮಾಂಸದ ಹೂರಣ ಮಡಿಸಿ ಬೇಯಿಸಿದ ಚೀನೀ ಕಡುಬು.

"ಹಂದಿ ತಾನೆ, ನೀರು ತಾನೆ. ಅದರಲ್ಲೇನೇ ಬ್ರಹ್ಮವಿದ್ಯೆ?"

ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಹದಿನೈದು ವರ್ಷ ಸಂಸಾರ ಮಾಡಿದವರ ನೋಟ ಅದು. ಏನೂ ಹೇಳದೆ ತಲೆ ತಗ್ಗಿಸಿದರು.

ಶನಿವಾರ ಬೆಳಗ್ಗೆ ಏಳಕ್ಕೆ ಟೆಕ್ಕಾ ಮಾರುಕಟ್ಟೆಗೆ ಹೊರಟೆ. ಲಿಟಲ್ ಇಂಡಿಯಾದ ಈ ಮಾರುಕಟ್ಟೆ ನನಗೆ ತವರಿನ ಹಾಗೆ. ಕರಿಬೇವು, ನುಗ್ಗೆಕಾಯಿ, ಬಾಳೆ ಎಲೆ ಎಲ್ಲ ಇಲ್ಲೇ. ಹೆಸರು ಮಾತ್ರ ಹೊಕ್ಕಿಯನ್ ಎಂಬ ಚೀನೀ ನುಡಿಯದು, 'ಬಿದಿರಿನ ಬುಡ' ಅಂತ ಅರ್ಥವಂತೆ. ಈಗ ಬಿದಿರು ಎಲ್ಲೂ ಇಲ್ಲ. ಒದ್ದೆ ನೆಲ ಇದೆ, ಕುರಿ ಮಾಂಸದ ಅಂಗಡಿಗಳ ಸಾಲು ಇದೆ, ಇನ್ನೊಂದು ಕಡೆ ಚೀನೀ ಅಂಕಲ್‌ಗಳ ಹಂದಿ ಅಂಗಡಿಗಳಿವೆ. ಹೌದು, ಇಲ್ಲೂ ಗುರುತಿಲ್ಲದ ಗಂಡಸರೆಲ್ಲ ಅಂಕಲ್, ಹೆಂಗಸರೆಲ್ಲ ಆಂಟಿ. ಈ ಒಂದು ವಿಷಯದಲ್ಲಿ ಬೆಂಗಳೂರಿಗೂ ಸಿಂಗಾಪುರಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

"ಅಂಕಲ್, ಅರ್ಧ ಕೇಜಿ ಕೈಮಾ. ಕೊಬ್ಬು ಬೇಡವೇ ಬೇಡ."

"ಏನು ಮಾಡೋಕೆ?"

"ವಾಂಟನ್."

ಅಂಕಲ್ ಒಮ್ಮೆ ನನ್ನನ್ನು, ಒಮ್ಮೆ ಮಾಂಸವನ್ನು, ಆಮೇಲೆ ತಮ್ಮ ಪಕ್ಕದ ಅಂಗಡಿಯವರನ್ನು ನೋಡಿದರು. "ಶೂರ್ ಆ?" ಎಂದರು. "ಶೂರ್" ಎಂದೆ. ಗಿರಾಕಿಯ ಹಣೆಬರಹಕ್ಕೆ ತಾವು ಹೊಣೆಯಲ್ಲ ಎನ್ನುವ ಮುಖ ಮಾಡಿ ಮಾಂಸವನ್ನು ಯಂತ್ರಕ್ಕೆ ಹಾಕಿದರು. ಹೋದ ತಿಂಗಳಷ್ಟೇ ರಕ್ತಪರೀಕ್ಷೆಯ ರಿಪೋರ್ಟು ಬಂದಿತ್ತು, ಡಾಕ್ಟರು ಒಂದು ಸಂಖ್ಯೆಯ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೀರಿದ್ದರು. ಅದನ್ನೆಲ್ಲ ಅಂಕಲ್‌ಗೆ ಹೇಳಲು ಆಗುತ್ತದೆಯೆ?

ಲಿಫ್ಟಿನ ಹತ್ತಿರ ಎದುರು ಮನೆ ಆಂಟಿ ಸಿಕ್ಕಿದರು. ಎಪ್ಪತ್ತು ದಾಟಿದ, ಕ್ಯಾಂಟನೀಸ್ ಮಾತಾಡುವ ಚೀನೀ ಹೆಂಗಸು. ಯಾರ ಕೈಯಲ್ಲಿ ಯಾವ ಚೀಲ ಕಂಡರೂ ಒಳಗೆ ಇಣುಕಿ ನೋಡುವ ಹಕ್ಕು ತಮಗಿದೆ ಎಂದು ನಂಬಿದವರು. ನೋಡಿದರು. ಪ್ಲಾಸ್ಟಿಕ್ಕಿನ ಮೇಲಿಂದಲೇ ಎರಡು ಬೆರಳಲ್ಲಿ ಒತ್ತಿದರು.

"ಕೊಬ್ಬೆಲ್ಲಿ?"

ನನಗೆ ಜುಮ್ಮೆಂದಿತು. ಅಂಗಡಿಯಿಂದ ಬಂದ ಅಪ್ಪನನ್ನು ಅವ್ವ ಬಾಗಿಲಲ್ಲೇ ತಡೆದು ಕೇಳುತ್ತಿದ್ದ ಪ್ರಶ್ನೆ ಇದೇ. ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇಲ್ಲದಿದ್ದರೆ ಅದು ಪಂದಿ ಕರಿಯೇ ಅಲ್ಲ ಅನ್ನುವ ಮನೆಯಿಂದ ಬಂದವಳು ನಾನು!

"ಆಂಟಿ, ಕೊಲೆಸ್ಟರಾಲ್..."

"ಕೊಲೆಸ್ಟರಾಲ್ ಇರೋದು ನಿನಗೆ. ವಾಂಟನ್‌ಗಲ್ಲ."

ಮುಕ್ಕಾಲು ಪಾಲು ಮಾಂಸಕ್ಕೆ ಕಾಲು ಪಾಲು ಕೊಬ್ಬು ಇರಲೇಬೇಕು, ಇಲ್ಲದಿದ್ದರೆ ಬೆಂದ ಮೇಲೆ ಒಳಗಿನ ಉಂಡೆ ಗೋಲಿಯಾಗುತ್ತೆ, ಗೋಡೆಗೆ ಎಸೆದರೆ ವಾಪಸು ಬರುತ್ತೆ ಎಂದರು. ಹಾಗೆಂದವರು ಸುಮ್ಮನಾಗದೆ ತಮ್ಮ ಫ್ರಿಜ್ಜಿನಿಂದ ಒಂದು ಹಿಡಿ ಬಿಳಿ ಕೊಬ್ಬು ತಂದು ಕೊಟ್ಟರು. ಜೊತೆಗೆ ಒಂದು ಒಣಮೀನು. ಚಪ್ಪಟೆ, ಹಪ್ಪಳದಷ್ಟು ಗಟ್ಟಿ, ನಮ್ಮ ಕರಾವಳಿಯ ನಂಗ್ ಮೀನಿಗೆ ದೊಡ್ಡಪ್ಪನ ಮಗ ಅನ್ನಬಹುದಾದ ಮುಖ. ಹೆಸರು 'ತೀ ಪೋ'. ಇದನ್ನು ಸುಟ್ಟು ಮೂಳೆಯ ಜೊತೆ ಕುದಿಸಿದರೇನೇ ಸೂಪಿಗೆ ಸೂಪಿನ ರುಚಿ. ಮೂಳೆಗಳನ್ನು ಮೊದಲು ಬರೀ ನೀರಲ್ಲಿ ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿಡಬೇಕು ಅಂತಲೂ ಹೇಳಿದರು.

ಮಾಂಸ ಬೆಂದ ನೀರು ಚೆಲ್ಲುವುದೇ? ಹಂದಿ ಬಿಟ್ಟ ನೀರಲ್ಲೇ ಹಂದಿ ಬೇಯಬೇಕು ಅನ್ನುವುದು ನಮ್ಮ ಧರ್ಮ. ಆಂಟಿಗೆ ತಲೆಯಾಡಿಸಿ, ಬಾಗಿಲು ಹಾಕಿಕೊಂಡು, ನೀರು ಚೆಲ್ಲದೆ ಕುದಿಸಿದೆ. ಅರ್ಧ ಗಂಟೆಯಲ್ಲಿ ಪಾತ್ರೆಯ ಮೇಲೆ ಬೂದು ಬಣ್ಣದ ನೊರೆ ಎದ್ದಿತು. ಸೌಟಿನಲ್ಲಿ ತೆಗೆದಷ್ಟೂ ಬಂತು. ನೆಲ ಒರೆಸಿದ ಬಕೆಟ್ಟಿನ ನೀರಿಗೂ ನನ್ನ ಸೂಪಿಗೂ ಇದ್ದ ವ್ಯತ್ಯಾಸ ಶುಂಠಿ ಚೂರು ಮಾತ್ರ. ಇನ್ನು ತೀ ಪೋ ಸುಡುವಾಗ ಎದ್ದ ಪರಿಮಳದ ಬಗ್ಗೆ ಹೆಚ್ಚು ಹೇಳಲಾರೆ. ಎರಡು ಮಹಡಿ ಮೇಲಿರುವ ನಮ್ಮ ಹಾಸನದ ಸ್ನೇಹಿತರು, ಶುದ್ಧ ಸಸ್ಯಾಹಾರಿಗಳು, "ಬ್ಲಾಕಲ್ಲಿ ಏನೋ ವೈರ್ ಸುಟ್ಟಿದ ಹಾಗಿದೆ, ನಿಮ್ಮನೇಲಿ ಕರೆಂಟ್ ಇದೆಯಾ?" ಎಂದು ಫೋನ್ ಮಾಡಿದರು. ಇದೆ ಎಂದೆ.

ಮುಂದೆ ಹೂರಣ. ಕೈಮಾ, ಸಣ್ಣಗೆ ಕೊಚ್ಚಿದ ಕೊಬ್ಬು, ನಾಲ್ಕಾರು ಸಿಗಡಿ, ಶುಂಠಿ, ಈರುಳ್ಳಿ ಹೂ, ಸೋಯಾ ಸಾಸ್, ಎಳ್ಳೆಣ್ಣೆ, ಒಂದು ಚಿಟಿಕೆ ಸಕ್ಕರೆ, ಬಿಳಿ ಮೆಣಸಿನ ಪುಡಿ. ಬಿಳಿ ಮೆಣಸೆಂದರೆ ಬೇರೇನಲ್ಲ, ನಮ್ಮ ತೋಟದ ಕರಿಮೆಣಸೇ. ಹಣ್ಣಾದದ್ದನ್ನು ನೆನೆಹಾಕಿ ಸಿಪ್ಪೆ ಸುಲಿದರೆ ಬಿಳಿ. ಮೆಣಸಿಗೆ ಸಿಪ್ಪೆ ಸುಲಿಯುವುದು ಅವಮಾನವೆಂದು ನನಗೀಗಲೂ ಅನ್ನಿಸುತ್ತದೆ, ಇರಲಿ. ಇದಕ್ಕೆಲ್ಲ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ಚಾಪ್‌ಸ್ಟಿಕ್ಕಿನಲ್ಲಿ ಒಂದೇ ದಿಕ್ಕಿಗೆ ತಿರುವಬೇಕು, ಅಂಟಂಟಾಗುವವರೆಗೆ. ಉಪ್ಪು ಬಿದ್ದ ಮಾಂಸವನ್ನು ತಿರುವಿದಷ್ಟೂ ಅದರ ಪ್ರೋಟೀನ್ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಹಾಕಿದ ನೀರನ್ನು ಹಿಡಿದಿಡುತ್ತದೆ. ಹತ್ತು ನಿಮಿಷಕ್ಕೆ ನನ್ನ ರಟ್ಟೆ ಬಿದ್ದುಹೋಯಿತು. ಚಾಪ್‌ಸ್ಟಿಕ್ಕನ್ನು ಗಂಡನ ಕೈಗೆ ಕೊಟ್ಟು ಮುಖ ತೊಳೆದು ಬರುವಷ್ಟರಲ್ಲಿ ಅವರು ಉಲ್ಟಾ ತಿರುವುತ್ತಿದ್ದಾರೆ!

"ದಿಕ್ಕು ಬದಲಾದ್ರೆ ಹಂದಿಗೆ ಹೇಗೆ ಗೊತ್ತಾಗುತ್ತೆ?" ಎಂದರು. ಮೆಕ್ಯಾನಿಕಲ್ ಎಂಜಿನಿಯರ್.

"ದೇವಸ್ಥಾನದಲ್ಲಿ ಉಲ್ಟಾ ಪ್ರದಕ್ಷಿಣೆ ಹಾಕ್ತೀರಾ?"

ಉತ್ತರವಿಲ್ಲದೆ ಸುಲ್ಟಾ ತಿರುವಿದರು. ಹಂದಿಗೆ ಗೊತ್ತಾಯಿತೋ ಇಲ್ಲವೋ, ಹೂರಣ ಮಾತ್ರ ಅಂಟಿತು.

ನಿಜವಾದ ಯುದ್ಧ ಹಾಳೆಗಳದ್ದು. ವಾಂಟನ್ನಿನ ಹಾಳೆ ಅಂಗಡಿಯಲ್ಲೇ ಸಿಗುತ್ತದೆ. ಅಂಗೈಯಗಲದ ಚೌಕ, ನಸು ಹಳದಿ, ಒಂದಕ್ಕೊಂದು ಹಿಟ್ಟು ಉದುರಿಸಿ ಪೇರಿಸಿರುತ್ತಾರೆ. ಹಳದಿ ಬಣ್ಣ ಮೊಟ್ಟೆಯದೆಂದೇ ನಾನು ತಿಳಿದಿದ್ದೆ. ಅಷ್ಟೇ ಅಲ್ಲ. ಹಪ್ಪಳಕ್ಕೆ ಹಾಕುತ್ತಾರಲ್ಲ ಹಪ್ಪಳಖಾರದ ಉಪ್ಪು, ಅದೇ ಜಾತಿಯ ಕ್ಷಾರದ ನೀರನ್ನು ಮೈದಾಕ್ಕೆ ಬೆರೆಸುತ್ತಾರೆ. ಅದಕ್ಕೇ ಹಳದಿ, ಅದಕ್ಕೇ ಆ ಬಿಗಿ. ಹಪ್ಪಳದ ನೆಂಟಸ್ತನ ಇಷ್ಟಕ್ಕೇ ಮುಗಿಯಲಿಲ್ಲ. ಸೆಕೆ ಎಂದು ಫ್ಯಾನು ಹಾಕಿ, ಹಾಳೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚದೆ ಕೂತಿದ್ದೆ. ಹತ್ತೇ ನಿಮಿಷದಲ್ಲಿ ನಾಲ್ಕೂ ಮೂಲೆ ಮೇಲೆದ್ದು, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳದ ಹಾಗೆ ಮುರುಟಿಕೊಂಡವು. ಮಡಿಸಿದರೆ 'ಟಕ್' ಎಂದು ಸೀಳುತ್ತವೆ.

ಉಳಿದವಕ್ಕೆ ಹೂರಣ ತುಂಬಿದೆ. ತುಂಬಿದೆ ಎಂದರೆ ನಮ್ಮ ಕಡೆಯ ತುಂಬುವಿಕೆ. ಹೂರಣ ಕಡಿಮೆಯಾದ ಹೋಳಿಗೆ ಬಡಿಸಿದರೆ ಬೀಗರು ವರ್ಷಗಟ್ಟಲೆ ಆಡಿಕೊಳ್ಳುವ ನಾಡಿನಲ್ಲಿ ಹುಟ್ಟಿ, ಚಮಚದ ತುದಿಯಷ್ಟು ಇಡಲು ಕೈ ಬಂದೀತೆ? ದೊಡ್ಡ ನೆಲ್ಲಿಕಾಯಿಯಷ್ಟಿಟ್ಟು, ಅಂಚು ಎಳೆದೆಳೆದು ಸೇರಿಸಿ, ಹೊಟ್ಟೆ ಬಿರಿಯುವ ಹಾಗೆ ನಲವತ್ತು ಮಾಡಿದೆ. ತಟ್ಟೆಯಲ್ಲಿ ಸಾಲಾಗಿ ಕೂರಿಸಿದಾಗ, ಮದುವೆ ಊಟ ಮುಗಿಸಿ ಗೋಡೆಗೊರಗಿದ ನೆಂಟರ ಹಾಗೆ ಕಂಡವು. ಮಗಳು ಫೋಟೋ ತೆಗೆದಳು. ಅವು ಇಡಿಯಾಗಿರುವ ಏಕೈಕ ದಾಖಲೆ ಅದು.

ಕುದಿಯುವ ಸೂಪಿಗೇ ನಲವತ್ತನ್ನೂ ಒಟ್ಟಿಗೆ ಸುರಿದೆ. ಒಂದು ನಿಮಿಷ ಎಲ್ಲ ಶಾಂತ. ಆಮೇಲೆ ಒಂದು ಬಾಯಿ ಬಿಟ್ಟಿತು. ಅದನ್ನು ನೋಡಿ ಪಕ್ಕದ್ದು. ಗ್ರಾಮಸಭೆಯಲ್ಲಿ ಒಬ್ಬ ಎದ್ದು ಕೂಗಿದರೆ ಉಳಿದವರೂ ಏಳುವ ಹಾಗೆ ಒಂದೊಂದಾಗಿ ಬಿಚ್ಚಿಕೊಂಡವು. ಹಾಳೆಯ ಮೇಲಿದ್ದ ಹಿಟ್ಟೆಲ್ಲ ಇಳಿದು ಸೂಪು ಗಂಜಿಯಾಯಿತು. ಗಂಡ ಸೌಟು ಹಾಕಿ ತಳದವರೆಗೆ ಕಲಕಿ ಆಡಿಟ್ ವರದಿ ಒಪ್ಪಿಸಿದರು: "ಹಾಳೆ ನಲವತ್ತು, ಉಂಡೆ ನಲವತ್ತು, ವಾಂಟನ್ ಸೊನ್ನೆ."

ಚೀನಾದ ಉತ್ತರದಲ್ಲಿ ಇದನ್ನು 'ಹುನ್‌ತುನ್' ಎನ್ನುತ್ತಾರೆ. ಸೃಷ್ಟಿಗೆ ಮೊದಲಿನ ಕಲಸುಮೇಲೋಗರದ ಸ್ಥಿತಿಗೂ ಅವರಲ್ಲಿ ಹೆಚ್ಚುಕಡಿಮೆ ಅದೇ ಹೆಸರು, 'ಹುಂದುನ್', ಬರೆಯುವ ಅಕ್ಷರ ಬೇರೆ. ಚೀನಾದ ಪ್ರಾಚೀನ ದಾರ್ಶನಿಕ ಝುವಾಂಗ್‌ಝಿಯ ಹಳೆಯ ಕತೆಯೊಂದರಲ್ಲಿ ಹುಂದುನ್ ಒಬ್ಬ ರಾಜ. ಕಣ್ಣಿಲ್ಲ, ಕಿವಿಯಿಲ್ಲ, ಮೂಗಿಲ್ಲ, ಬಾಯಿಲ್ಲ, ಆದರೆ ಒಳ್ಳೆಯ ಆತಿಥೇಯ. ಅವನ ಮನೆಯಲ್ಲಿ ಉಂಡ ಇಬ್ಬರು ಗೆಳೆಯ ರಾಜರು ಉಪಕಾರ ತೀರಿಸಲು, ಪಾಪ ಇವನಿಗೊಂದು ತೂತೂ ಇಲ್ಲವಲ್ಲ ಎಂದು ದಿನಕ್ಕೊಂದರಂತೆ ಕೊರೆಯುತ್ತಾರೆ. ಏಳನೇ ದಿನ ಏಳು ತೂತೂ ಮುಗಿದವು, ಹುಂದುನ್ ಸತ್ತ. ಅವರಿಗೆ ಏಳು ದಿನ ಬೇಕಾಯಿತು. ನನಗೆ ಮೂರು ನಿಮಿಷ ಸಾಕಾಯಿತು, ಅದೂ ನಲವತ್ತು ಹುಂದುನ್‌ಗಳಿಗೆ.

ವಾಸನೆಗೋ ಮೌನಕ್ಕೋ, ಆಂಟಿ ಬಾಗಿಲು ತಟ್ಟಿದರು. ಪಾತ್ರೆ ನೋಡಿದರು. "ಅಯ್ಯೋ" ಎಂಬುದಕ್ಕೆ ಕ್ಯಾಂಟನೀಸಿನಲ್ಲಿ "ಐಯಾ" ಅನ್ನುತ್ತಾರೆ, ಅರ್ಥ ಮಾಡಿಕೊಳ್ಳಲು ಕೋಚಿಂಗ್ ಬೇಕಾಗಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ಫ್ಯಾನು ಆರಿಸಿ, ಫ್ರಿಜ್ಜಿನಲ್ಲಿದ್ದ ಇನ್ನೊಂದು ಪ್ಯಾಕೆಟ್ ಹಾಳೆ ತೆಗೆದು, ಒದ್ದೆ ಬಟ್ಟೆ ಹೊದಿಸಿ, ಉಳಿದಿದ್ದ ಹೂರಣದ ಬಟ್ಟಲನ್ನು ಎಳೆದುಕೊಂಡು ಕೂತರು.

ಎಡ ಅಂಗೈ ಮೇಲೆ ಹಾಳೆ, ಒಂದು ಮೂಲೆ ತಮ್ಮ ಕಡೆಗೆ. ಬೆಣ್ಣೆ ಚಾಕುವಿನ ತುದಿಯಿಂದ ಹೂರಣ, ಸಣ್ಣ ಅಡಿಕೆಯಷ್ಟು, ಅಷ್ಟೇ. ಬೆರಳನ್ನು ನೀರಿಗೆ ಅದ್ದಿ ಎರಡು ಅಂಚಿನುದ್ದಕ್ಕೆ ಸವರಿದರು. ಮಡಿಸಿದರೆ ತ್ರಿಕೋನ. ಅಂಚು ಒತ್ತುವ ಮೊದಲು ಹೂರಣದ ಸುತ್ತ ಹೆಬ್ಬೆರಳಾಡಿಸಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ದಬ್ಬಿದರು. ಗಾಳಿ ಉಳಿದರೆ ಕುದಿಯುವಾಗ ಉಬ್ಬಿ ಒಡೆಯುತ್ತದೆ. ಆಮೇಲೆ ತ್ರಿಕೋನದ ಎಡ ಬಲ ತುದಿಗಳನ್ನು ಹೊಟ್ಟೆಯ ಮುಂದೆ ತಂದು, ಒಂದರ ಮೇಲೊಂದಿಟ್ಟು, ಒಂದು ಹನಿ ನೀರು, ಒಂದು ಒತ್ತು.

ನಾನು ನೋಡುತ್ತಲೇ ಇದ್ದೆ. ಇದನ್ನು ನಾನು ಎಲ್ಲೋ ನೋಡಿದ್ದೇನೆ! ಒಂದನೇ ಕ್ಲಾಸು, ಉದ್ದ ಮಣೆ, ಸಾಲಾಗಿ ಕೂತ ನಾವು, ಬೆತ್ತ ಹಿಡಿದು ಒಳಬಂದ ಟೀಚರ್: "ಕೈ ಕಟ್! ಬಾಯ್ ಮುಚ್!"

ಜೋರಾಗಿ ಹೇಳಿಬಿಟ್ಟೆ. ಆಂಟಿ ಅರ್ಥ ಕೇಳಿದರು. ಅಭಿನಯಿಸಿ ತೋರಿಸಿದೆ. ಕೈ ಕಟ್ಟಿ, ತುಟಿ ಬಿಗಿದು ನಿಂತ ನನ್ನನ್ನು ನೋಡಿ ಆಂಟಿ ಮೇಜು ಬಡಿದು ನಕ್ಕರು. ಸಿಚುವಾನ್ ಕಡೆ ವಾಂಟನ್ನಿಗೆ 'ಛಾವ್‌ಶೌ' ಎನ್ನುತ್ತಾರೆ, ಕೈಕಟ್ಟಿಕೊಂಡದ್ದು ಅಂತಲೇ ಅದರ ಅರ್ಥ. ಆ ಮೇಲೆ ಎಲ್ಲರೂ ಕೂತು ಒಂದೊಂದು ಮಡಿಸುವಾಗಲೂ ಅದನ್ನೇ ಜಪಿಸಿದೆವು. ಮಗಳದ್ದು ನನಗಿಂತ ಚೆನ್ನಾಗಿ ಬಂದವು. ಗಂಡನದ್ದು ಕೈ ಕಟ್ಟಿದವು, ಬಾಯಿ ಮುಚ್ಚಲಿಲ್ಲ. ಮನೆಯಲ್ಲಿ ಅವರೂ ಹಾಗೇ.

ಈ ಸಲ ಬೇರೆ ಪಾತ್ರೆಯಲ್ಲಿ ಬರೀ ನೀರು ಕುದಿಸಿ, ಹತ್ತತ್ತೇ ಹಾಕಿದರು ಆಂಟಿ. ತೇಲಿದ ಮೇಲೂ ಎರಡು ನಿಮಿಷ ಬಿಟ್ಟು, ಬಟ್ಟಲಿಗೆ ಎತ್ತಿ, ತಮ್ಮ ಮನೆಯಿಂದ ತಂದ ಸೂಪು ಹೊಯ್ದರು. ಕನ್ನಡಿಯ ಹಾಗೆ ತಿಳಿ. ಮೇಲೆ ಈರುಳ್ಳಿ ಹೂ, ಎರಡು ಹನಿ ಎಳ್ಳೆಣ್ಣೆ. ಹಾಳೆಯ ತುದಿಗಳು ಬೆಂದು ಪಾರದರ್ಶಕವಾಗಿ, ಸೂಪಿನಲ್ಲಿ ಸುಮ್ಮನೆ ಅಲ್ಲಾಡುತ್ತಿದ್ದವು. ಕ್ಯಾಂಟನೀಸಿನಲ್ಲಿ ವಾಂಟನ್ ಅಂತ ಬರೆಯುವ ಎರಡು ಅಕ್ಷರಗಳಿಗೆ 'ಮೋಡ ನುಂಗು' ಎಂದು ಅರ್ಥವಂತೆ. ಮಡಿಕೇರಿಯಲ್ಲಿ ಮಳೆಗಾಲದ ಮೂರು ತಿಂಗಳು ಕಿಟಕಿ ತೆರೆದರೆ ಆಗುವುದೂ ಅದೇ, ಆದರೆ ಅಲ್ಲಿ ಒಳಗೆ ಸಿಗಡಿ ಇರುವುದಿಲ್ಲ.

ನನ್ನ ಗಂಜಿಯನ್ನು ಚೆಲ್ಲಲು ಗಂಡ ಬಿಡಲಿಲ್ಲ. ಹಸಿಮೆಣಸು ಮುರಿದು ಹಾಕಿ, ಅವ್ವ ಕಳಿಸಿದ್ದ ಕಾಚಂಪುಳಿ ಅರ್ಧ ಚಮಚ ಬಿಟ್ಟು, ಎರಡು ಬಟ್ಟಲು ಇಳಿಸಿದರು. ಆ ಕಪ್ಪು ಸೀಸೆಯನ್ನು ಆಂಟಿ ಮೂಸಿದರು. ಅವರಲ್ಲೂ ಕಪ್ಪು ವಿನೆಗರ್ ಇದೆ, ಅಕ್ಕಿಯದು. ಇದು ಅಕ್ಕಿಯಲ್ಲ, ಪಣಪುಳಿ ಹಣ್ಣಿನ ರಸವನ್ನು ಮಂದವಾಗುವವರೆಗೆ ಕಾಯಿಸಿದ್ದು ಎಂದೆ. ನಾಲಿಗೆಗೆ ಒಂದು ಹನಿ ಹಾಕಿಕೊಂಡು ಒಂದು ಕಣ್ಣು ಮುಚ್ಚಿದರು. ಇನ್ನೊಂದೂ ಮುಚ್ಚಿತು. ತೆರೆದ ಮೇಲೆ, ಸಣ್ಣ ಸೀಸೆ ಇದೆಯಾ ಎಂದು ಕೇಳಿ ತುಂಬಿಸಿಕೊಂಡು ಹೋದರು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಏನಡುಗೆ?"

"ಹಂದಿ ಸೂಪ್, ಅವ್ವ."

"ಮಸಾಲೆ ಏನು ಹಾಕಿದೆ?"

"ಮಸಾಲೆ ಇಲ್ಲ. ಶುಂಠಿ. ಒಂಚೂರು ಬಿಳಿ ಮೆಣಸು."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಸಣ್ಣ ದನಿಯಲ್ಲಿ, "ಯಾಕೆ ಮಗಳೇ, ಮೈಗೆ ಹುಷಾರಿಲ್ವಾ?"

"ಬೆಳಗ್ಗೆಯಿಂದ ಸ್ವಲ್ಪ ಇರಲಿಲ್ಲ ಅವ್ವ," ಎಂದೆ. "ಎದುರು ಮನೆ ಆಂಟಿ ಬಂದು ಜ್ವರ ಇಳಿಸಿದ್ರು."