ಸೆಕೆಂಡಿನ ಮುಳ್ಳು ನೆಗೆದರೆ ಗಡಿಯಾರ ನಕಲಿಯಲ್ಲ: ಒಂದು ಸ್ಪಷ್ಟನೆ

‘ಎನಾಮೆಲ್ ಚಿತ್ರವಿರುವ ಹಳೆಯ ಜೇಬು ಗಡಿಯಾರದ ಸೆಕೆಂಡಿನ ಮುಳ್ಳು ಸೆಕೆಂಡಿಗೊಮ್ಮೆ ನೆಗೆದು ನಿಂತರೆ ಒಳಗೆ ಬ್ಯಾಟರಿ ಇದೆ ಎಂದೇ ಅರ್ಥ, ಕೊಳ್ಳಬೇಡಿ’ ಎಂಬ ಸಂದೇಶ ಸಂಗ್ರಾಹಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಅಪರೂಪದ ಗಡಿಯಾರವನ್ನು ಕೈಬಿಟ್ಟರೆ ನಿಜಕ್ಕೂ ನಷ್ಟ.

19ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಫ್ಲೂರಿಯೇ ಊರಿನಲ್ಲಿ ಚೀನಾ ಮಾರುಕಟ್ಟೆಗೆಂದೇ ಗಡಿಯಾರಗಳು ತಯಾರಾಗುತ್ತಿದ್ದವು. ಬೊವೆ ಮನೆತನದವು ಇವುಗಳಲ್ಲಿ ಹೆಸರುವಾಸಿ. ನಡುವಿನಿಂದ ಹೊರಟ ಉದ್ದನೆಯ ಸೆಕೆಂಡಿನ ಮುಳ್ಳು ಇವುಗಳಲ್ಲಿ ಹಲವಕ್ಕಿದೆ, ಮತ್ತು ಅದು ನೆಗೆಯುತ್ತದೆ. ಕಾರಣ, ‘ಚೈನೀಸ್ ಡ್ಯೂಪ್ಲೆಕ್ಸ್’ ಎಂಬ, ಸ್ಪ್ರಿಂಗಿನ ಬಲವನ್ನು ಹಂತಹಂತವಾಗಿ ಬಿಟ್ಟುಕೊಡುವ ಭಾಗವಾದ ಎಸ್ಕೇಪ್‌ಮೆಂಟ್. ಅದರ ಚಕ್ರದ ಉದ್ದನೆಯ ಹಲ್ಲುಗಳ ತುದಿ ಕವಲೊಡೆದಿರುತ್ತದೆ. ಅತ್ತಿತ್ತ ತೂಗಾಡುತ್ತ ಗಡಿಯಾರದ ಗತಿ ಕಾಯುವ ಬ್ಯಾಲೆನ್ಸ್ ಚಕ್ರ ಒಮ್ಮೆ ಹೋಗಿಬಂದಾಗ ಮೊದಲ ಕವಲು ಮಾತ್ರ ಬಿಡಿಸಿಕೊಳ್ಳುತ್ತದೆ, ಮುಳ್ಳು ಅಲುಗಿದಂತೆಯೂ ಕಾಣುವುದಿಲ್ಲ. ಇನ್ನೊಮ್ಮೆ ಹೋಗಿಬಂದಾಗ ಹಲ್ಲು ಪೂರ್ತಿ ಜಾರಿ, ಮುಳ್ಳು ಟಕ್ಕನೆ ಒಂದು ಸೆಕೆಂಡು ಮುಂದಕ್ಕೆ ಹಾರುತ್ತದೆ. ಬ್ಯಾಟರಿಯಿಂದ ನಡೆದು ಸೆಕೆಂಡಿಗೊಮ್ಮೆ ನೆಗೆಯುವ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಂದದ್ದೇ 1969ರಲ್ಲಿ!

ಹಾಗೆಂದು ನೆಗೆತವೇ ಅಸಲಿತನಕ್ಕೆ ಪುರಾವೆಯೂ ಅಲ್ಲ. ಹಿಂಬದಿಯ ಮುಚ್ಚಳ ತೆರೆಸಿ ನೋಡಿ. ಎಷ್ಟೋ ಗಡಿಯಾರಗಳಲ್ಲಿ ಒಳಗೆ ಗಾಜಿನ ಮುಚ್ಚಳವಿದ್ದು, ಬಳ್ಳಿ ಹೂಗಳ ಕೆತ್ತನೆಯ ಯಂತ್ರವೂ ಕೀಲಿಕೈ ತೂರಿಸುವ ಚೌಕದ ಮೊಳೆಯೂ ಕಾಣುತ್ತವೆ. ಆಮೇಲೆ ಭೂತಗನ್ನಡಿಯಲ್ಲಿ ಎನಾಮೆಲ್ ಪರೀಕ್ಷಿಸಿ: ಅಚ್ಚು ಹಾಕಿದ ಚಿತ್ರದಲ್ಲಿ ಸಮನಾದ ಬಣ್ಣದ ಚುಕ್ಕಿಗಳು ಎದ್ದು ಕಾಣುತ್ತವೆ, ಕೈಯಿಂದ ಬರೆದದ್ದರಲ್ಲಿ ಕುಂಚದ ಗೆರೆಗಳು.